ಕೆಂಪು ಬಂಡೆಗಳ ನಾಡಿನಲ್ಲಿ ಒಂದು ವಾಸನೆಯ ಬೆನ್ನು ಹತ್ತಿ

ಮೊದಲ ದಿನ

ಅಪ್ಪ ಅಮ್ಮ ಮೈಸೂರಿನಿಂದ ಬಂದು ಒಂದು ತಿಂಗಳಾಗಿತ್ತು. ಸ್ಯಾನ್ ಹೋಸೆಯ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೂತು ಕೂತು ಇಬ್ಬರಿಗೂ ಬೇಜಾರು ಹಿಡಿದಿತ್ತು. ಯೂಟಾ ರಾಜ್ಯದ ಕೆಂಪು ಬಂಡೆಗಳನ್ನು ನೋಡಿಬರೋಣ ಅಂದೆ. ಅಮ್ಮನದು ಒಂದೇ ತಕರಾರು: "ದಿನಾ ಹೊರಗಿನ ಊಟ ನನ್ನ ಕೈಲಾಗಲ್ಲ ಕಣೋ. ಅನ್ನ ಸಾರು ಎಲ್ಲಿ ಸಿಗತ್ತೆ ಅಲ್ಲಿ?"

ಅದಕ್ಕೇ ಆರ್‌ವಿ. ಒಲೆ, ಫ್ರಿಜ್, ಮಂಚ, ಬಚ್ಚಲು ಎಲ್ಲ ಇರುವ ಚಕ್ರದ ಮೇಲಿನ ಮನೆ. 2019ರ ಜೂನ್ ಕೊನೆಯ ವಾರ ಲಾಸ್ ವೇಗಸ್‌ಗೆ ಹಾರಿ, ಅಲ್ಲಿ 25 ಅಡಿ ಉದ್ದದ್ದೊಂದನ್ನು ಬಾಡಿಗೆಗೆ ಹಿಡಿದೆವು. ಬಾಡಿಗೆಯವರು ಇಪ್ಪತ್ತು ನಿಮಿಷದಲ್ಲಿ ಎಲ್ಲ ತೋರಿಸಿ ಮುಗಿಸಿದರು. ಹೊಟ್ಟೆಯ ಕೆಳಗೆ ಮೂರು ಟ್ಯಾಂಕ್. ಒಂದರಲ್ಲಿ ಒಳ್ಳೆಯ ನೀರು. ಸಿಂಕು ಮತ್ತು ಸ್ನಾನದ ನೀರು ಹೋಗುವುದು ಗ್ರೇ ಟ್ಯಾಂಕಿಗೆ. ಕಕ್ಕಸಿನದು ಬ್ಲ್ಯಾಕ್ ಟ್ಯಾಂಕಿಗೆ. ಬ್ಲ್ಯಾಕ್ ಟ್ಯಾಂಕಿನ ಮೀಟರ್ ಖಾಲಿ ಟ್ಯಾಂಕಿಗೂ ಮೂರನೇ ಎರಡು ಭಾಗ ತುಂಬಿದೆ ಎನ್ನುತ್ತಿತ್ತು. "ಅದು ಯಾವಾಗಲೂ ಹಾಗೇ ತೋರಿಸುತ್ತೆ, ತಲೆ ಕೆಡಿಸಿಕೊಳ್ಳಬೇಡಿ" ಎಂದು ಆ ಹುಡುಗ ನಕ್ಕ. ನಾನೂ ನಕ್ಕೆ. ನಗಬಾರದಿತ್ತು.

ವೇಗಸ್‌ನಿಂದ ಜಯಾನ್ ರಾಷ್ಟ್ರೀಯ ಉದ್ಯಾನಕ್ಕೆ ಸುಮಾರು 160 ಮೈಲಿ. ನಡುವೆ ಅರಿಜೋನಾದ ಒಂದು ಮೂಲೆಯನ್ನು ದಾಟಬೇಕು. ಅಲ್ಲಿ ವರ್ಜಿನ್ ನದಿ ಕೊರೆದ ಕಣಿವೆಯೊಳಗೇ ಹೆದ್ದಾರಿ ಹೋಗುತ್ತದೆ. ರಸ್ತೆ ಹಾವಿನ ಹಾಗೆ ಹೊರಳುತ್ತದೆ, ಗೋಡೆಗಳು ಎರಡೂ ಕಡೆಯಿಂದ ಒತ್ತಿ ಬರುತ್ತವೆ. ಎಲ್ಲರೂ ಬಾಯಿ ಬಿಟ್ಟು ನೋಡುತ್ತಿದ್ದಾಗ ಹಿಂದಿನ ಸೀಟಿನಿಂದ ಮಗಳು ಮೂಗು ಮುಚ್ಚಿಕೊಂಡು ಕೇಳಿದಳು: "ಯಾರು?"

ಯಾರೂ ಒಪ್ಪಿಕೊಳ್ಳಲಿಲ್ಲ. ಹತ್ತು ನಿಮಿಷದಲ್ಲಿ ಗೊತ್ತಾಯಿತು, ಇದು ಮನುಷ್ಯರ ಕೈಲಾಗುವ ಕೆಲಸವಲ್ಲ ಎಂದು. ಕೊಳೆತ ಮೊಟ್ಟೆಯ ವಾಸನೆ. ಕಿಟಕಿ ತೆಗೆದರೆ ಕಮ್ಮಿಯಾಗುವ ಬದಲು ಜಾಸ್ತಿಯಾಯಿತು. ಓಡುವ ಗಾಡಿಯ ಕಿಟಕಿಯಿಂದ ಒಳಗಿನ ಗಾಳಿ ಹೊರಕ್ಕೆ ಸೆಳೆದುಹೋಗುತ್ತದೆ, ಆ ಜಾಗ ತುಂಬಲು ಪೈಪುಗಳೊಳಗಿನ ಗಾಳಿ ಮೇಲೆ ಬರುತ್ತದೆ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ.

ರಾತ್ರಿ ಜಯಾನ್‌ನ ವಾಚ್‌ಮನ್ ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿ ನಿಲ್ಲಿಸಿದೆವು. ಅಮ್ಮ ಅನ್ನಕ್ಕಿಡಲು ಒಲೆ ಹಚ್ಚಲು ಹೋದಾಗ ಹೆಂಡತಿ ಕೈ ಹಿಡಿದುಕೊಂಡಳು. "ಅತ್ತೆ, ಬೇಡ. ಗ್ಯಾಸ್ ಲೀಕ್ ಆಗಿದ್ರೆ?"

ಎದೆ ಧಸಕ್ಕೆಂದಿತು. ಆರ್‌ವಿಯಲ್ಲಿ ಒಲೆಗೂ ಫ್ರಿಜ್ಜಿಗೂ ಬಿಸಿನೀರಿಗೂ ಪ್ರೊಪೇನ್ ಗ್ಯಾಸ್. ಪ್ರೊಪೇನ್‌ಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಅಂತ ಮರ್ಕ್ಯಾಪ್ಟನ್ ಎಂಬ ಗಂಧಕದ ವಸ್ತುವನ್ನು ಬೆರೆಸುತ್ತಾರೆ. ನಮ್ಮ ಮನೆಯ ಸಿಲಿಂಡರಿನ ವಾಸನೆಯೂ ಅದೇ ಜಾತಿಯದು. ಚರಂಡಿಯ ವಾಸನೆ ಬರುವುದು ಹೈಡ್ರೋಜನ್ ಸಲ್ಫೈಡಿನಿಂದ. ಅದೂ ಗಂಧಕದ್ದೇ. ದಣಿದ ಮೂಗಿಗೆ ಎರಡೂ ಒಂದೇ.

ಎಲ್ಲರನ್ನೂ ಕೆಳಗಿಳಿಸಿ, ಯಾವ ಸ್ವಿಚ್ಚನ್ನೂ ಮುಟ್ಟದೆ, ಹೊರಗಿನ ಗ್ಯಾಸ್ ಟ್ಯಾಂಕಿನ ವಾಲ್ವ್ ಬಂದ್ ಮಾಡಿದೆ. ಬಾಗಿಲು ಕಿಟಕಿ ತೆಗೆದು ಅರ್ಧ ಗಂಟೆ ಪಿಕ್ನಿಕ್ ಮೇಜಿನ ಮೇಲೆ ಕೂತೆವು. ಗ್ಯಾಸ್ ಅಲಾರಂ ಮಾತ್ರ ಒಂದು ಸದ್ದೂ ಮಾಡಿರಲಿಲ್ಲ. ಅದನ್ನು ನೆಲದ ಹತ್ತಿರವೇ ಹಾಕಿರುತ್ತಾರೆ, ಪ್ರೊಪೇನ್ ಗಾಳಿಗಿಂತ ಭಾರ ಅಂತ. ವಾಪಸ್ ಒಳಗೆ ಹೋಗಿ ನೋಡಿದರೆ, ಗ್ಯಾಸ್ ಬಂದಾಗಿದ್ದರೂ ಬಚ್ಚಲ ಬಾಗಿಲ ಹತ್ತಿರ ವಾಸನೆ ಹೊಸದಾಗಿ ಏಳುತ್ತಿತ್ತು. ಅಲ್ಲಿಗೆ ಗ್ಯಾಸ್ ಅಲ್ಲ ಅಂತಾಯಿತು. ಆ ರಾತ್ರಿ ಬ್ರೆಡ್ಡು, ಚಟ್ನಿಪುಡಿ, ಮೊಸರು. ಹೊರಗೆ ನಕ್ಷತ್ರಗಳು ಎಷ್ಟಿದ್ದವೆಂದರೆ ಅಮ್ಮ ಊಟದ ವಿಷಯ ಎತ್ತಲೇ ಇಲ್ಲ.

ಎರಡನೇ ದಿನ

ಬೆಳಗ್ಗೆ ಎದ್ದಾಗ ಅಪ್ಪ ಬಚ್ಚಲ ನೆಲದಲ್ಲಿ ಮೊಣಕಾಲೂರಿ ಕೂತಿದ್ದರು. ಮೂಗು ಷವರ್ ಜಾಲರಿಯಿಂದ ಅರ್ಧ ಅಡಿ ದೂರ.

ಅಪ್ಪ ಬ್ಯಾಂಕಿನಲ್ಲಿದ್ದವರು. ಆದರೆ ಮೈಸೂರಿನಲ್ಲಿ ಮನೆ ಕಟ್ಟಿಸುವಾಗ ಒಂದೂವರೆ ವರ್ಷ ಪ್ಲಂಬರ್ ಪಕ್ಕದಲ್ಲೇ ನಿಂತಿದ್ದವರು. ಆ ಪ್ಲಂಬರ್ ಕೊನೆಗೆ ಅಪ್ಪನ ಕಾಟ ತಡೆಯಲಾರದೆ ಎಲ್ಲವನ್ನೂ ಕಲಿಸಿಬಿಟ್ಟಿದ್ದನಂತೆ.

"ಒಂದು ಮಗ್ ನೀರು ತಾರೋ" ಎಂದರು. ತಂದುಕೊಟ್ಟೆ. ಜಾಲರಿಯೊಳಗೆ ಸುರಿದರು. ಇನ್ನೊಂದು ಮಗ್ ಅಡುಗೆಮನೆ ಸಿಂಕಿಗೆ, ಮತ್ತೊಂದು ಕೈತೊಳೆಯುವ ಸಿಂಕಿಗೆ. ಐದು ನಿಮಿಷ ಬಿಟ್ಟು ನನ್ನನ್ನು ಒಳಗೆ ಕರೆದರು. ವಾಸನೆ ಇರಲಿಲ್ಲ. ಪೂರ್ತಿ ಇರಲಿಲ್ಲ ಅನ್ನಲಾರೆ, ಮುಕ್ಕಾಲು ಪಾಲು ಹೋಗಿತ್ತು.

"ಬೇಸಿಗೆ ರಜಕ್ಕೆ ಊರಿಗೆ ಹೋಗಿ ಬಂದಾಗ ನಮ್ಮ ಬಚ್ಚಲು ನಾರ್ತಿತ್ತಲ್ಲ, ನೆನಪಿದ್ಯಾ? ನಹಾನಿ ಟ್ರ್ಯಾಪ್ ಒಣಗಿರ್ತಿತ್ತು. ಇಲ್ಲೂ ಅದೇ ಕಥೆ."

ವಿಷಯ ಇಷ್ಟೇ. ಪ್ರತಿ ಸಿಂಕಿನ ಕೆಳಗೂ ಪೈಪು ಒಂದು ಸಲ ಕೆಳಗೆ ಬಾಗಿ ಮೇಲೇಳುತ್ತದೆ. ಆ ಬಾಗೇ ಟ್ರ್ಯಾಪ್. ಅದರಲ್ಲಿ ಒಂದಿಷ್ಟು ನೀರು ಸದಾ ನಿಂತಿರುತ್ತದೆ. ನೀರು ಕೆಳಗೆ ಹೋಗಬಹುದು, ಗಾಳಿ ಮೇಲೆ ಬರಲಾಗದು. ಚರಂಡಿಗೂ ನಮ್ಮ ಮೂಗಿಗೂ ನಡುವೆ ಇರುವ ಬಾಗಿಲು ಆ ಬೊಗಸೆ ನೀರು. ಆರ್‌ವಿಯಲ್ಲಿ ಜಾಗ ಕಮ್ಮಿ, ಹಾಗಾಗಿ ಷವರ್ ಕೆಳಗಿನ ಬಾಗು ಇನ್ನೂ ಸಣ್ಣದು. ನಮ್ಮ ಗಾಡಿ ಬಾಡಿಗೆಯವರ ಅಂಗಳದಲ್ಲಿ ನೆವಾಡಾದ ಬಿಸಿಲಿಗೆ ಎಷ್ಟು ದಿನ ನಿಂತಿತ್ತೋ ಏನೋ. ಇದ್ದ ನೀರು ಆರಿತ್ತು. ಉಳಿದಿದ್ದು ಕಣಿವೆಯ ತಿರುವುಗಳಲ್ಲಿ ಕುಲುಕಿ ಚೆಲ್ಲಿಹೋಗಿತ್ತು. ಬಾಗಿಲು ತೆರೆದೇ ಇತ್ತು ಅಂದ ಹಾಗಾಯಿತು.

"ಮೇಲೆ ಎರಡು ಹನಿ ಎಣ್ಣೆ ಬಿಟ್ರೆ ಬೇಗ ಆರಲ್ಲ" ಎಂದು ಅಮ್ಮ ಒಲೆ ಮುಂದಿನಿಂದ ಕೂಗಿದರು. ಅದೂ ನಿಜವೇ. ಗಾಡಿಯನ್ನು ತುಂಬ ದಿನ ನಿಲ್ಲಿಸುವವರು ಹಾಗೆ ಮಾಡುತ್ತಾರೆ. ಆದರೆ ಅಡುಗೆ ಎಣ್ಣೆ ಕಮಟುತ್ತದೆ, ಅದರ ಬದಲು ಮಿನರಲ್ ಆಯಿಲ್ ಒಳ್ಳೆಯದು. ನಾವು ಸುಮ್ನೆ ಷವರ್ ಬಾಯಿಗೆ ಒಂದು ರಬ್ಬರ್ ಬಿಲ್ಲೆ ಮುಚ್ಚಿಟ್ಟೆವು. ಗಾಡಿ ಓಡುವಾಗ ಬಿಲ್ಲೆ, ನಿಂತ ಕೂಡಲೇ ಒಂದು ಮಗ್ ನೀರು. ಮಗಳಿಗೆ ಆ ಕೆಲಸ ವಹಿಸಿದೆವು. ಪ್ರವಾಸ ಮುಗಿಯುವವರೆಗೂ ಅವಳೇ ನಮ್ಮ ಟ್ರ್ಯಾಪ್ ಮಂತ್ರಿ.

ಆಮೇಲೆ ಜಯಾನ್ ನೋಡಿದೆವು. ಬೇಸಿಗೆಯಲ್ಲಿ ಕಣಿವೆಯೊಳಗೆ ಸ್ವಂತ ವಾಹನ ಬಿಡುವುದಿಲ್ಲ, ಉದ್ಯಾನದ ಷಟಲ್ ಬಸ್ಸೇ ಗತಿ. ಅದೇ ಚೆನ್ನ, ಡ್ರೈವ್ ಮಾಡುವವನೂ ತಲೆ ಎತ್ತಿ ನೋಡಬಹುದು. ಕೊನೆಯ ಸ್ಟಾಪಿನಿಂದ ನದಿಯ ಪಕ್ಕದಲ್ಲೇ ಒಂದು ಮೈಲಿ ಸಮತಟ್ಟಾದ ದಾರಿ. ಅಮ್ಮ ಸೀರೆ ಸ್ವಲ್ಪ ಎತ್ತಿ ಹಿಡಿದು ನೀರಿಗೆ ಕಾಲಿಟ್ಟು "ಕಾವೇರಿಗಿಂತ ತಣ್ಣಗಿದೆ" ಎಂದು ತೀರ್ಪು ಕೊಟ್ಟರು.

ಮೂರನೇ ದಿನ

ಹೊರಡುವ ಮುಂಚೆ ಟ್ಯಾಂಕ್ ಖಾಲಿ ಮಾಡಬೇಕಿತ್ತು. ವಾಚ್‌ಮನ್‌ನಲ್ಲಿ ಕರೆಂಟ್ ಇದೆ, ಆದರೆ ಗಾಡಿ ನಿಂತಲ್ಲೇ ಚರಂಡಿ ಸಂಪರ್ಕ ಇಲ್ಲ. ಡಂಪ್ ಸ್ಟೇಷನ್‌ಗೆ ಹೋಗಬೇಕು. ಅಮ್ಮ ಸ್ನಾನ ಮುಗಿಸಿ ದೇವರ ಶ್ಲೋಕ ಹೇಳಿಕೊಳ್ಳುತ್ತಿದ್ದರು. "ಅದು ಮುಗಿಯೋ ತನಕ ನನ್ನ ಹತ್ತಿರ ಬರಬೇಡಿ" ಎಂದರು, ಅಪ್ಪನಿಗೂ ಸೇರಿಸಿ.

ಕೈಗೆ ರಬ್ಬರ್ ಗ್ಲೌಸ್. ಮೂರು ಇಂಚಿನ ದಪ್ಪ ಮೆದುಗೊಳವೆಯನ್ನು ಗಾಡಿಯ ಬಾಯಿಗೆ ತಿರುಚಿ ಕೂರಿಸಿ, ಇನ್ನೊಂದು ತುದಿಯನ್ನು ನೆಲದ ತೂತಿಗೆ ಭದ್ರ ಮಾಡಬೇಕು. ಮೊದಲು ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ಎಳೆಯಬೇಕು. ಅದು ಖಾಲಿಯಾಗಿ, ವಾಲ್ವ್ ಮುಚ್ಚಿದ ಮೇಲೆ ಗ್ರೇ. ಸೋಪಿನ ನೀರು ಹಿಂದಿನಿಂದ ಬಂದು ಗೊಳವೆಯನ್ನು ತೊಳೆಯುತ್ತದೆ. ಈ ಕ್ರಮ ತಪ್ಪಿದರೆ ಗೊಳವೆಯೇ ಇಡೀ ಪ್ರವಾಸ ನಾರುತ್ತಿರುತ್ತದೆ. ಅಲ್ಲಿ ತೊಳೆಯಲು ಇಟ್ಟ ನಲ್ಲಿಯ ನೀರನ್ನು ಕುಡಿಯಬಾರದು, ಕುಡಿಯುವ ನೀರಿನ ಪೈಪನ್ನು ಅದರ ಹತ್ತಿರ ತರಲೂಬಾರದು.

ಎಲ್ಲ ಸರಿಯಾಗೇ ಆಯಿತು. ಆದರೆ ಬ್ಲ್ಯಾಕ್ ಟ್ಯಾಂಕಿನಿಂದ ಬಂದದ್ದು ಹೆಚ್ಚೂಕಮ್ಮಿ ಬರೀ ನೀರು. ಒಳಗೆ ಹೋಗಿ ಮೀಟರ್ ಒತ್ತಿದೆ. ಮೂರನೇ ಎರಡು!

ಪಕ್ಕದ ಸಾಲಿನಲ್ಲಿ ಒಬ್ಬ ಅಜ್ಜ ತನ್ನ ಗಾಡಿ ಖಾಲಿ ಮಾಡುತ್ತಿದ್ದರು. ಬಿಳಿ ಗಡ್ಡ, ಸ್ವಂತ ಗಾಡಿ, ವರ್ಷದ ಅರ್ಧ ದಿನ ರಸ್ತೆಯ ಮೇಲೇ ಇರುವವರು. ನಮ್ಮ ಮುಖ ನೋಡಿ ಹತ್ತಿರ ಬಂದರು. ಬಾಡಿಗೆ ಗಾಡಿ ಎಂದ ಕೂಡಲೇ ಅವರಿಗೆ ಎಲ್ಲ ಅರ್ಥವಾಯಿತು. ಅವರು ಹೇಳಿದ್ದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಹಿಂದೆ ಯಾರೋ ಚರಂಡಿ ಸಂಪರ್ಕ ಇರುವ ಕಡೆ ನಿಂತು ಬ್ಲ್ಯಾಕ್ ವಾಲ್ವನ್ನು ತೆರೆದೇ ಇಟ್ಟಿರಬೇಕು. ಸುಲಭ ಅಲ್ವಾ, ಆಗಿಂದಾಗ್ಗೆ ಹರಿದುಹೋಗಲಿ ಅಂತ. ಹರಿಯುವುದು ನೀರು ಮಾತ್ರ. ಗಟ್ಟಿ ಉಳಿಯುತ್ತದೆ, ಅದರ ಮೇಲೆ ಕಾಗದ, ಮತ್ತೆ ಗಟ್ಟಿ. ಕಕ್ಕಸಿನ ನೇರ ಕೆಳಗೆ ಒಂದು ಗುಡ್ಡ ಎದ್ದು ಒಣಗಿ ನಿಲ್ಲುತ್ತದೆ. ಟ್ಯಾಂಕಿನ ಗೋಡೆಗೆ ಸಿಕ್ಕಿಸಿದ ಪುಟ್ಟ ಮೊಳೆಯಂಥ ಸೆನ್ಸರುಗಳಿಗೂ ಅದೇ ಮೆತ್ತಿಕೊಂಡು ಮೀಟರ್ ಸುಳ್ಳು ಹೇಳುತ್ತದೆ. ವಾಲ್ವ್ ಮುಚ್ಚಿಟ್ಟು, ಮುಕ್ಕಾಲು ತುಂಬಿದ ಮೇಲೆ ಒಮ್ಮೆಗೇ ಬಿಟ್ಟರೆ ನೀರಿನ ರಭಸಕ್ಕೆ ಎಲ್ಲ ಕೊಚ್ಚಿಹೋಗುತ್ತದೆ.

"ಪರಿಹಾರ?" ಅಂದೆ.

"ನೀರು. ತುಂಬಾ ನೀರು. ಆಮೇಲೆ ಅಂಕುಡೊಂಕು ರಸ್ತೆ" ಎಂದರು. ನಮ್ಮ ಮುಂದಿನ ದಾರಿ ಹೈವೇ 12 ಅಂದಾಗ ಅಜ್ಜ ಚಪ್ಪಾಳೆ ತಟ್ಟಿದರು.

ಜಯಾನ್‌ನಿಂದ ಪೂರ್ವಕ್ಕೆ ಹೋಗಲು 1930ರಲ್ಲಿ ಮುಗಿಸಿದ ಒಂದು ಸುರಂಗ ಇದೆ. 1.1 ಮೈಲಿ ಉದ್ದ. ಆಗಿನ ಕಾರುಗಳ ಅಳತೆಗೆ ಕೊರೆದದ್ದು. ನಾವು ಹೋದ 2019ರಲ್ಲಿ, ನಮ್ಮಂಥ ದೊಡ್ಡ ಗಾಡಿ ಬಂದರೆ ಎದುರಿನ ವಾಹನಗಳನ್ನು ತಡೆದು, ಸುರಂಗದ ನಡು ಮಧ್ಯದಲ್ಲಿ ಬಿಡುತ್ತಿದ್ದರು. ಅದಕ್ಕೆ 15 ಡಾಲರ್ ಕಟ್ಟಿದೆವು. ಕತ್ತಲಲ್ಲಿ ನಡುವೆ ನಡುವೆ ಬಂಡೆಯಲ್ಲಿ ಕೊರೆದ ಕಿಟಕಿಗಳಿಂದ ಕಣಿವೆ ಮಿಂಚಿ ಮಾಯವಾಗುತ್ತಿತ್ತು. ಐದು ಜನರೂ ಉಸಿರು ಬಿಗಿ ಹಿಡಿದಿದ್ದೆವು, ಈ ಸಲ ವಾಸನೆಗಲ್ಲ.

ಬ್ರೈಸ್ ಕ್ಯಾನಿಯನ್ ತಲುಪಿದಾಗ ಸಂಜೆ. ಸಮುದ್ರಮಟ್ಟದಿಂದ ಸುಮಾರು 8,000 ಅಡಿ, ನಮ್ಮ ಮುಳ್ಳಯ್ಯನಗಿರಿಗಿಂತಲೂ ಎತ್ತರ. ಜೂನ್‌ನಲ್ಲೂ ಸ್ವೆಟರ್ ಬೇಕು. ಅಂಚಿಗೆ ಹೋಗಿ ಕೆಳಗೆ ನೋಡಿದರೆ ಸಾವಿರಾರು ಕಲ್ಲಿನ ಕಂಬಗಳು, ಕಿತ್ತಳೆ, ಗುಲಾಬಿ, ಬಿಳಿ. ಇವಕ್ಕೆ ಹೂಡೂ ಅನ್ನುತ್ತಾರೆ. ಬಿರುಕುಗಳಲ್ಲಿ ನೀರು ಇಳಿದು, ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ, ಕಲ್ಲನ್ನು ಸೀಳಿ ಸೀಳಿ ಮಾಡಿದ ಕೆಲಸ. ಅಪ್ಪ ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಏನೋ ಗಂಭೀರವಾಗಿ ಯೋಚಿಸುತ್ತಿದ್ದಾರೆ ಅಂದುಕೊಂಡೆ.

"ನಮ್ಮ ಟ್ಯಾಂಕ್ ಒಳಗೂ ಹೀಗೇ ಇರಬೇಕು ನೋಡು" ಎಂದರು.

ಹೆಂಡತಿ ನಗುತ್ತಾ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ಅಮ್ಮ ಮಾತ್ರ "ಇಂಥ ಜಾಗದಲ್ಲಿ ನಿಂತು ಆಡೋ ಮಾತಾ ಇದು?" ಎಂದು ದಾರಿ ಉದ್ದಕ್ಕೂ ಬೈದರು.

ಆ ರಾತ್ರಿ ಇನ್ನೆರಡು ಗುಟ್ಟು ಗೊತ್ತಾದವು. ಚಳಿಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ಕಕ್ಕಸಿಗೆ ಹೋದವರೆಲ್ಲ ಮರ್ಯಾದೆಗೆ ಚಾವಣಿಯ ಫ್ಯಾನ್ ಹಾಕುತ್ತಿದ್ದರು. ಫ್ಯಾನ್ ತಿರುಗುತ್ತಿರುವಾಗಲೇ ಫ್ಲಶ್ ಮಾಡುವ ಪೆಡಲ್ ಒತ್ತಿದರೆ ಭಗ್ಗೆಂದು ಒಂದು ಅಲೆ ಮೇಲೇಳುತ್ತಿತ್ತು. ಫ್ಯಾನ್ ಗಾಳಿಯನ್ನು ಹೊರಗೆ ಎಳೆಯುತ್ತದೆ, ಕಿಟಕಿ ಮುಚ್ಚಿದೆ, ಬದಲಿ ಗಾಳಿ ಎಲ್ಲಿಂದ ಬರಬೇಕು? ಕಕ್ಕಸಿನ ತೂತು ತೆರೆದ ಕ್ಷಣ ಟ್ಯಾಂಕಿನಿಂದಲೇ ಬರುತ್ತದೆ. ವಾಸನೆ ಓಡಿಸಲು ಹಾಕಿದ ಫ್ಯಾನೇ ವಾಸನೆಯನ್ನು ಕೈ ಹಿಡಿದು ಕರೆತರುತ್ತಿತ್ತು. ಮೊದಲು ಫ್ಯಾನ್ ಆರಿಸಿ, ಆಮೇಲೆ ಪೆಡಲ್ ಒತ್ತಿ, ಅದು ಮುಚ್ಚಿದ ಮೇಲೆ ಬೇಕಾದರೆ ಮತ್ತೆ ಫ್ಯಾನ್. ಹೆಂಡತಿ ಇದನ್ನು ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದಳು.

ಎರಡನೆಯದನ್ನು ಹೇಳಲು ಸ್ವಲ್ಪ ಮುಜುಗರ. ಆರ್‌ವಿ ಕಕ್ಕಸಿನಲ್ಲಿ ಮನೆಯದರಂತೆ ಬಾಗಿದ ಪೈಪು ಇಲ್ಲ. ತಳದಲ್ಲಿ ಒಂದು ತಿರುಗುವ ಮುಚ್ಚಳ, ಅದರ ಸುತ್ತ ರಬ್ಬರ್, ಮೇಲೆ ಎರಡು ಇಂಚು ನೀರು. ಅಷ್ಟೇ ರಕ್ಷಣೆ. ರಾತ್ರಿ ನೀರು ನಿಲ್ಲಿಸಿ ಮಲಗಿದರೆ ಬೆಳಗ್ಗೆ ಬೋಗುಣಿ ಒಣಗಿರುತ್ತಿತ್ತು. ರಬ್ಬರಿನ ಅಂಚಿನಲ್ಲಿ ಏನೋ ಸಿಕ್ಕಿಕೊಂಡಿದೆ ಎಂದರ್ಥ. ಅಪ್ಪ ಪೆಡಲ್ ಒತ್ತಿ ಹಿಡಿದರು, ನಾನು ಗ್ಲೌಸ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಅಂಚನ್ನು ಸುತ್ತಲೂ ಉಜ್ಜಿದೆ. ಮರುದಿನ ದಾರಿಯ ಅಂಗಡಿಯಲ್ಲಿ ಸಿಲಿಕೋನ್ ಗ್ರೀಸ್ ಕೊಂಡು ತೆಳ್ಳಗೆ ಸವರಿದೆವು. ವ್ಯಾಸಲೀನ್ ಸವರೋಣ ಅಂದಿದ್ದೆ. ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತೆ ಅಂತ ಅಪ್ಪ. ಆ ಬ್ರಷ್ ಯಾರದು ಅಂತ ಹೇಳುವುದಿಲ್ಲ.

ನಾಲ್ಕನೇ ದಿನ

ಹೊರಡುವ ಮುಂಚೆ ಬ್ಲ್ಯಾಕ್ ಟ್ಯಾಂಕಿಗೆ ಬಕೆಟ್ಟಿನಲ್ಲಿ ನೀರು ಹೊಯ್ದೆವು. ಸುಮಾರು 40 ಲೀಟರ್, ಜೊತೆಗೆ ಒಂದಿಷ್ಟು ಪಾತ್ರೆ ತೊಳೆಯುವ ಸೋಪು. ಅಪ್ಪ ಎಣಿಸುತ್ತಿದ್ದರು, ಮಗಳು ಅಭಿಷೇಕದ ಹಾಗೆ "ಇನ್ನೊಂದು, ಇನ್ನೊಂದು" ಎನ್ನುತ್ತಿದ್ದಳು.

ಹೈವೇ 12 ಅಂದರೆ ಏನು ಅಂತ ಬರೆದು ತಿಳಿಸುವುದು ಕಷ್ಟ. ಎಸ್ಕಲಾಂಟೆ ಊರು ದಾಟಿದ ಮೇಲೆ ನೆಲವೆಲ್ಲ ಬಿಳಿ ಬಂಡೆ, ಯಾರೋ ಹಿಟ್ಟು ನಾದಿ ಹಾಗೇ ಬಿಟ್ಟುಹೋದಂತೆ. ಒಂದು ಕಡೆ ರಸ್ತೆ ಗುಡ್ಡದ ಬೆನ್ನುಮೂಳೆಯ ಮೇಲೇ ಹೋಗುತ್ತದೆ. ಎಡಕ್ಕೂ ಪ್ರಪಾತ, ಬಲಕ್ಕೂ ಪ್ರಪಾತ, ತಡೆಗೋಡೆ ಇಲ್ಲ. ನಾನು ಗಂಟೆಗೆ ಇಪ್ಪತ್ತು ಮೈಲಿಯಲ್ಲಿ ಹೋಗುತ್ತಿದ್ದೆ. ಆಗುಂಬೆ ಘಾಟಿಯಲ್ಲಿ ಬಸ್ಸಿನ ಕಿಟಕಿಯಿಂದ ಕೆಳಗೆ ನೋಡದೆ ಕಣ್ಣು ಮುಚ್ಚುತ್ತಿದ್ದ ಅಮ್ಮ ಇಲ್ಲಿಯೂ ಅದನ್ನೇ ಮಾಡಿದರು. ಪ್ರತಿ ತಿರುವಿನಲ್ಲೂ ಗಾಡಿಯ ಕೆಳಗಿನಿಂದ ಗುಳುಗುಳು ಸದ್ದು. ಅಪ್ಪ ಮಾತ್ರ ಕಿವಿಗೊಟ್ಟು ಕೇಳುತ್ತಾ, "ಕೆಲಸ ಆಗ್ತಿದೆ, ಆಗ್ತಿದೆ" ಎನ್ನುತ್ತಿದ್ದರು. ಬೌಲ್ಡರ್ ಪರ್ವತದ ನೆತ್ತಿ ಸುಮಾರು 9,600 ಅಡಿ. ಅಲ್ಲಿಂದ ಆಸ್ಪೆನ್ ಕಾಡಿನ ನಡುವೆ ಇಳಿದರೆ ಕ್ಯಾಪಿಟಲ್ ರೀಫ್ ರಾಷ್ಟ್ರೀಯ ಉದ್ಯಾನ.

ಫ್ರೂಟಾ ಕ್ಯಾಂಪ್‌ಗ್ರೌಂಡಿಗೆ ಹೋಗುವ ಮುಂಚೆಯೇ ಡಂಪ್ ಸ್ಟೇಷನ್. ವಾಲ್ವ್ ಎಳೆದೆ. ಆಮೇಲೆ ಏನಾಯಿತು ಎಂದು ವರ್ಣಿಸುವುದಿಲ್ಲ. ಗೊಳವೆ ಒಮ್ಮೆ ಜಿಗಿಯಿತು ಅಷ್ಟೇ ಹೇಳುತ್ತೇನೆ. ಮತ್ತೆ ಎರಡು ಸಲ ನೀರು ತುಂಬಿ ಬಿಟ್ಟೆವು. ಮೂರನೆಯ ಸಲ ಬಂದದ್ದು ತಿಳಿನೀರು. ಮೀಟರ್ ಒತ್ತಿದೆ. ಮೂರನೇ ಒಂದು. ಕ್ರಿಕೆಟ್‌ನಲ್ಲಿ ಗೆದ್ದಾಗ ಅಪ್ಪ ಹೀಗೆ ಕೈ ಎತ್ತಿದ್ದು ನೋಡಿದ್ದೆ. ಕೊನೆಗೆ ಹತ್ತು ಲೀಟರ್ ನೀರನ್ನು ಟ್ಯಾಂಕಿನಲ್ಲೇ ಬಿಟ್ಟು ವಾಲ್ವ್ ಮುಚ್ಚಿದೆವು. ತಳ ಒಣಗಬಾರದು. ಅದಕ್ಕೆ ಎಂಜೈಮ್ ಪುಡಿಯ ಒಂದು ಪೊಟ್ಟಣ. ಫಾರ್ಮಾಲ್ಡಿಹೈಡ್ ಇರುವ ಔಷಧಿಗಳೂ ಸಿಗುತ್ತವೆ, ಆದರೆ ಅವು ಡಂಪ್ ಸ್ಟೇಷನ್ನಿನ ಸೆಪ್ಟಿಕ್ ಗುಂಡಿಯಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತವೆ. ಒಬ್ಬರ ಮೂಗಿಗಾಗಿ ಅಷ್ಟು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಒಂದು ವಿಷಯದಲ್ಲಿ ನಾವು ಪುಣ್ಯವಂತರು. ನಮ್ಮ ಜನ ಹೋದಲ್ಲೆಲ್ಲ ಮಗ್ ಒಯ್ಯುತ್ತಾರೆ. ಬೇರೆಯವರು ಕಾಗದ ಬಳಸಿ ಒಂದು ಗುಟುಕು ನೀರು ಬಿಟ್ಟು ಎದ್ದು ಹೋಗುತ್ತಾರೆ. ನೀರು ಉಳಿಸುತ್ತಿದ್ದೇವೆ ಅಂದುಕೊಳ್ಳುತ್ತಾರೆ, ಟ್ಯಾಂಕಿನಲ್ಲಿ ಕಾಗದದ ರೊಟ್ಟಿ ತಯಾರಾಗುತ್ತಿರುತ್ತದೆ. ನಮ್ಮದರಲ್ಲಿ ಕಾಗದ ಕಮ್ಮಿ, ನೀರು ಜಾಸ್ತಿ. ಐದು ಜನಕ್ಕೆ ಟ್ಯಾಂಕ್ ಎರಡು ಮೂರು ದಿನದಲ್ಲೇ ತುಂಬುತ್ತದೆ ನಿಜ, ಆದರೆ ಗುಡ್ಡ ಏಳುವುದಿಲ್ಲ.

ಫ್ರೂಟಾ ನೂರು ವರ್ಷಕ್ಕೂ ಹಿಂದೆ ಮಾರ್ಮನ್ ಪಂಥದವರು ಕಟ್ಟಿಕೊಂಡ ಹಳ್ಳಿ. ಈಗ ಅಲ್ಲಿ ಯಾರೂ ಒಕ್ಕಲುತನ ಮಾಡುವುದಿಲ್ಲ, ಆದರೆ ಅವರು ನೆಟ್ಟ ತೋಟಗಳು ಉಳಿದಿವೆ. ಕೆಂಪು ಗೋಡೆಗಳ ನಡುವೆ ಹಸಿರು, ನಡುವೆ ತೊರೆ. ಚೆರ್ರಿ ಹಣ್ಣಾಗಿತ್ತು. ಏಣಿ ಹಾಕಿ ನಾವೇ ಕೊಯ್ದೆವು. ಮನೆಗೆ ಒಯ್ಯುವುದಕ್ಕೆ ಮಾತ್ರ ದುಡ್ಡು, ತೋಟದಲ್ಲೇ ತಿಂದರೆ ಇಲ್ಲ. ಅಮ್ಮ ಸೆರಗಿನ ತುಂಬ ಕಟ್ಟಿಕೊಂಡು ಬಂದರು. ತೂಕ ಹಾಕುವಲ್ಲಿ ಸೆರಗು ಬಿಚ್ಚಿದಾಗ ಪಕ್ಕದಲ್ಲಿದ್ದ ಹೆಂಗಸರು ಫೋಟೋ ತೆಗೆದುಕೊಳ್ಳಲೇ ಎಂದು ಕೇಳಿದರು. ರಾತ್ರಿ ವಾಸನೆ ಇಲ್ಲದ ಗಾಡಿಯಲ್ಲಿ ಅನ್ನ, ಟೊಮೆಟೊ ಸಾರು, ಹಪ್ಪಳ. ಎಲ್ಲ ಮುಗಿಯಿತು ಅಂದುಕೊಂಡು ಮಲಗಿದೆ.

ಐದನೇ ದಿನ

ಮೋಆಬ್ ಊರಿನ ದಾರಿಯಲ್ಲಿ ಹ್ಯಾಂಕ್ಸ್‌ವಿಲ್ ದಾಟುವ ಹೊತ್ತಿಗೆ ಹೊರಗೆ 38 ಡಿಗ್ರಿ. ಸುತ್ತ ಬೂದು ಮಣ್ಣಿನ ದಿಬ್ಬಗಳು, ಚಂದ್ರನ ಮೇಲೆ ಹೋಗುತ್ತಿದ್ದೇವೇನೋ ಅನ್ನಿಸುವ ಹಾಗೆ. ಆಗ ವಾಸನೆ ಮತ್ತೆ ಬಂತು.

ಈ ಸಲ ಬೇರೆ ಥರ. ಮೊಟ್ಟೆಯದಲ್ಲ, ಹುಳಿ ಹುಳಿ, ಜಿಡ್ಡು ಜಿಡ್ಡು. ಹೋಟೆಲಿನ ಹಿಂಬದಿಯ ಮೋರಿಯ ಹಾಗೆ. ಟ್ರ್ಯಾಪ್ ಮಂತ್ರಿ ತನ್ನ ಕೆಲಸ ಮಾಡಿದ್ದಳು. ಕಕ್ಕಸಿನ ಬೋಗುಣಿಯಲ್ಲಿ ನೀರು ನಿಂತಿತ್ತು. ಫ್ಯಾನ್ ಆರಿತ್ತು. ಗಾಡಿ ನಿಂತರೆ ಕಮ್ಮಿ, ಹೊರಟು ಕುಲುಕಿದರೆ ಜಾಸ್ತಿ.

"ಇದು ಗ್ರೇ" ಎಂದರು ಅಪ್ಪ.

ಬ್ಲ್ಯಾಕ್ ಟ್ಯಾಂಕಿಗೆ ಎಲ್ಲರೂ ಹೆದರುತ್ತಾರೆ. ನನ್ನ ಅನುಭವದಲ್ಲಿ ಗ್ರೇ ಅದಕ್ಕಿಂತ ಕೆಟ್ಟದ್ದು. ಅಕ್ಕಿ ತೊಳೆದ ನೀರು, ಮಜ್ಜಿಗೆ ಪಾತ್ರೆ, ಒಗ್ಗರಣೆ ಸೌಟು, ಸಾರಿನ ತಳದ ಬೇಳೆ, ಎಲ್ಲ ಹೋಗಿ ಬಿಸಿಲಲ್ಲಿ ಎರಡು ದಿನ ಹುದುಗಿದರೆ ಏನಾಗಬೇಕು? ದೋಸೆ ಹಿಟ್ಟೇ ಒಂದು ರಾತ್ರಿಗೆ ಉಕ್ಕುತ್ತದೆ. ಅಂದಿನಿಂದ ಪಾತ್ರೆಗಳನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯುವುದು ಅಂತಾಯಿತು. ಅಮ್ಮನಿಗೆ ಇದು ಸುತರಾಂ ಹಿಡಿಸಲಿಲ್ಲ. ಎಂಜಲು ಪಾತ್ರೆಯನ್ನು ಒರೆಸುವುದೇ!

ಆದರೆ ಟ್ಯಾಂಕ್ ಎಷ್ಟೇ ಹುಳಿಯಲಿ, ವಾಸನೆ ಮೇಲೆ ಬರಬಾರದಲ್ವಾ? ಟ್ರ್ಯಾಪ್‌ಗಳಲ್ಲಿ ನೀರಿದೆ. ಹಾಗಾದರೆ ಇನ್ನೊಂದು ಬಾಗಿಲು ಎಲ್ಲೋ ಇದೆ. ಮೋಆಬ್‌ನಲ್ಲಿ ನೆರಳಿಗೆ ಗಾಡಿ ಹಾಕಿ, ಅಪ್ಪ ಸಿಂಕಿನ ಕೆಳಗಿನ ಕಪಾಟಿಗೆ ತಲೆ ತೂರಿಸಿದರು. ಟಾರ್ಚ್ ನನ್ನ ಕೈಯಲ್ಲಿ. ಹೊರಗೆ ಕಾಣುತ್ತಿದ್ದದ್ದು ಅಪ್ಪನ ಪಂಚೆ ಮತ್ತು ಎರಡು ಕಾಲು.

"ಇಲ್ಲೊಂದು ಅಣಬೆ ಇದೆ ಕಣೋ."

ಪೈಪಿನ ಕವಲೊಂದರ ತುದಿಯಲ್ಲಿ ಅಣಬೆಯಂಥ ಕಪ್ಪು ಪ್ಲಾಸ್ಟಿಕ್ ಟೋಪಿ. ಇದು ಗಾಳಿಯ ವಾಲ್ವ್. ಸಿಂಕಿನ ನೀರು ಒಮ್ಮೆಗೇ ಇಳಿದರೆ ಹಿಂದಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ, ಟ್ರ್ಯಾಪ್ ಖಾಲಿಯಾಗುತ್ತದೆ. ಹಾಗಾಗದಿರಲಿ ಅಂತ ಈ ಟೋಪಿ ಒಳಗೆ ಗಾಳಿ ಬಿಡುತ್ತದೆ. ಮನೆಗಳಲ್ಲಿ ಇದಕ್ಕೆ ಚಾವಣಿಯ ತನಕ ಪೈಪು ಎಬ್ಬಿಸುತ್ತಾರೆ. ಗಾಡಿಯಲ್ಲಿ ಪ್ರತಿ ಸಿಂಕಿಗೂ ಅಷ್ಟು ಜಾಗ ಎಲ್ಲಿ? ಅದರೊಳಗೆ ಒಂದು ರಬ್ಬರ್ ಬಿಲ್ಲೆ. ಗಾಳಿ ಒಳಗೆ ಹೋಗಬೇಕು, ಹೊರಗೆ ಬರಬಾರದು. ಆ ರಬ್ಬರ್ ಗಟ್ಟಿಯಾಗಿ ಅರ್ಧ ತೆರೆದೇ ನಿಂತಿದ್ದರೆ? ಟ್ಯಾಂಕ್ ಕುಲುಕಿದಾಗಲೆಲ್ಲ ಒಂದು ಉಸಿರು ಅಡುಗೆಮನೆಗೆ.

ಆದರೆ ಅಪ್ಪನಿಗೆ ಪುರಾವೆ ಬೇಕು. ಸುಮ್ನೆ ಬದಲಾಯಿಸುವ ಜಾಯಮಾನ ಅಲ್ಲ. ಅಮ್ಮನ ಹಪ್ಪಳದ ಪ್ಲಾಸ್ಟಿಕ್ ಚೀಲವನ್ನು ಟೋಪಿಯ ಮೇಲೆ ಕವುಚಿ, ರಬ್ಬರ್ ಬ್ಯಾಂಡ್ ಬಿಗಿದರು. ಊರ ಸುತ್ತ ಒಂದು ಸುತ್ತು ಓಡಿಸಲು ಹೇಳಿದರು. ಐದು ಮೈಲಿ ಓಡಿಸಿ ಬಂದೆ. ಅಡುಗೆಮನೆಯಲ್ಲಿ ವಾಸನೆ ಇಲ್ಲ. ಚೀಲ ಬಲೂನಿನಂತೆ ಉಬ್ಬಿತ್ತು! ಮಗಳಿಗೆ ಅದನ್ನು ಬಿಚ್ಚಿ ನೋಡುವ ಆಸೆ. ಬಿಡಲಿಲ್ಲ.

ಹಾರ್ಡ್‌ವೇರ್ ಅಂಗಡಿಗೆ ಹಳೆಯ ಟೋಪಿಯನ್ನು ಚೀಲದಲ್ಲಿ ಸುತ್ತಿಕೊಂಡೇ ಹೋದೆವು, ಅಳತೆ ತಪ್ಪಬಾರದು ಅಂತ. ಒಂದೂವರೆ ಇಂಚಿನ ತಿರುಪಿನದು. ಹತ್ತು ಡಾಲರೂ ಆಗಲಿಲ್ಲ. ತಿರುಪಿಗೆ ಟೆಫ್ಲಾನ್ ಟೇಪ್ ಎರಡು ಸುತ್ತು ಸುತ್ತಿ ಕೈಯಲ್ಲೇ ತಿರುಗಿಸಿ ಕೂರಿಸಿದೆವು. ಮೂರು ನಿಮಿಷದ ಕೆಲಸ. ಬಾಡಿಗೆಯವರಿಗೆ ಫೋನ್ ಮಾಡಿದಾಗ "ಟ್ಯಾಂಕಿಗೆ ಇನ್ನೊಂದು ಡೋಸ್ ಸುಗಂಧದ ಔಷಧಿ ಹಾಕಿ" ಅಂದಿದ್ದರು. ಔಷಧಿ ಟ್ಯಾಂಕಿನೊಳಗೆ ಏನು ಮಾಡುತ್ತೋ ಮಾಡಲಿ, ತೆರೆದ ಬಾಗಿಲನ್ನು ಅದು ಹೇಗೆ ಮುಚ್ಚೀತು?

ಆರನೇ ದಿನ

ಆರ್ಚಸ್ ಉದ್ಯಾನ. ಬಿಸಿಲೇರುವ ಮುಂಚೆ ಅಂತ ಐದು ಗಂಟೆಗೇ ಎದ್ದು ಡೆಲಿಕೇಟ್ ಆರ್ಚ್‌ಗೆ ನಡೆದೆವು. ಹೋಗಿ ಬರಲು ಮೂರು ಮೈಲಿ, ಬಹುಪಾಲು ಏರು, ನೆರಳು ಎಲ್ಲೂ ಇಲ್ಲ. ಅಮ್ಮ ಅರ್ಧದಲ್ಲಿ ಬಂಡೆಯ ಮೇಲೆ ಕೂತು "ನೀವು ಹೋಗಿ ಬನ್ನಿ" ಎಂದರು. ಹತ್ತು ನಿಮಿಷದಲ್ಲಿ ಯಾರೋ ಗುಜರಾತಿ ಅಜ್ಜಿಯ ಜೊತೆ ಚೆರ್ರಿ ಹಂಚಿಕೊಳ್ಳುತ್ತಾ ನಮಗಿಂತ ಮುಂದೆ ಬರುತ್ತಿದ್ದರು. ಗಾಡಿಯಲ್ಲಿ ಯಾವ ವಾಸನೆಯೂ ಇರಲಿಲ್ಲ. ಹಾಗಾಗಿ ಈ ದಿನದ ಬಗ್ಗೆ ಬರೆಯುವುದು ಹೆಚ್ಚೇನಿಲ್ಲ.

ಏಳು ಮತ್ತು ಎಂಟನೇ ದಿನ

ವಾಪಸ್ ವೇಗಸ್‌ಗೆ 460 ಮೈಲಿ. ಗ್ರೀನ್ ರಿವರ್‌ನಿಂದ ಸಲೈನಾವರೆಗೆ ಹೆದ್ದಾರಿ 70ರಲ್ಲಿ ಸುಮಾರು 110 ಮೈಲಿ ಪೆಟ್ರೋಲ್ ಬಂಕ್ ಇಲ್ಲ, ಅಂಗಡಿ ಇಲ್ಲ, ಏನೂ ಇಲ್ಲ. ಗುಡ್ಡ, ಕಣಿವೆ, ಆಕಾಶ. ಹೊರಡುವ ಮುಂಚೆ ಎರಡೂ ಟ್ಯಾಂಕ್ ಖಾಲಿ ಮಾಡಿ, ಎರಡಕ್ಕೂ ಸ್ವಲ್ಪ ನೀರು ಬಿಟ್ಟು, ಷವರ್‌ಗೆ ಬಿಲ್ಲೆ ಮುಚ್ಚಿದೆವು. ಈಗ ಯಾರೂ ಹೇಳಬೇಕಿರಲಿಲ್ಲ.

ಎಂಟನೇ ದಿನ ಬೆಳಗ್ಗೆ ಗಾಡಿ ಒಪ್ಪಿಸಿದೆವು. ಅದೇ ಹುಡುಗ. ಹಳೆಯ ಟೋಪಿಯನ್ನು ಕೌಂಟರಿನ ಮೇಲಿಟ್ಟು ಕಥೆ ಹೇಳಿದೆ. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಕಸದ ಡಬ್ಬಕ್ಕೆ ಹಾಕಿ, ಹೊಸದರ ದುಡ್ಡನ್ನು ಬಿಲ್ಲಿನಲ್ಲಿ ಕಳೆದ. ಬ್ಲ್ಯಾಕ್ ಮೀಟರ್ ಒತ್ತಿ ನೋಡಿ, "ಖಾಲಿ ಅಂತ ತೋರಿಸ್ತಿದೆ, ಕೆಟ್ಟಿರಬೇಕು" ಅಂದ.

ಸಾಮಾನೆಲ್ಲ ಟ್ಯಾಕ್ಸಿಗೆ ಹಾಕಿಯಾಯಿತು. ಅಪ್ಪ ಕಾಣಲಿಲ್ಲ. ಗಾಡಿಯ ಬಾಗಿಲು ತೆಗೆದು ನೋಡಿದರೆ ಒಳಗೆ ಬಚ್ಚಲಲ್ಲಿದ್ದರು. ಷವರ್ ಜಾಲರಿಗೆ ಒಂದು ಮಗ್, ಅಡುಗೆಮನೆ ಸಿಂಕಿಗೆ ಒಂದು, ಕೈತೊಳೆಯುವ ಸಿಂಕಿಗೆ ಒಂದು.

"ಅಪ್ಪ, ಗಾಡಿ ಕೊಟ್ಟಾಯ್ತಲ್ಲ. ಇನ್ನು ಯಾಕೆ?"

"ಈ ಬಿಸಿಲಲ್ಲಿ ಎಷ್ಟು ದಿನ ನಿಲ್ಲಿಸ್ತಾರೋ" ಎಂದರು, ಮಗ್ಗನ್ನು ಕೊಡವುತ್ತಾ. "ಎಣ್ಣೆ ಡಬ್ಬಿ ಪ್ಯಾಕ್ ಮಾಡಿಬಿಟ್ರಾ?"